ನೋವು ನಿಂತ ಮೇಲೆ



ಆರೋಗ್ಯದ ಮೇಲೆ ದತ್ತಿ ಉಪನ್ಯಾಸ ಎಂದರೆ ಹೃದಯವನ್ನೋ ಸಕ್ಕರೆ ಕಾಯಿಲೆಯನ್ನೋ ಎತ್ತಿಕೊಳ್ಳುವುದು ರೂಢಿ. ನಾನು ಎತ್ತಿಕೊಂಡಿರುವುದು ಹಲ್ಲಿನ ಬೇರಿನೊಳಗಿನ ಒಂದು ಸಣ್ಣ ಓಣಿಯನ್ನು. ಈ ವಿಷಯಕ್ಕೆ ನಮ್ಮ ಊರು ದಾವಣಗೆರೆ ತಕ್ಕದ್ದೇ. 1979ರಿಂದ ಇಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಇದೆ, 1991ರಿಂದ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ. ಎರಡೂ ಬಾಪೂಜಿ ವಿದ್ಯಾಸಂಸ್ಥೆಯವೇ. 2011ರ ಜನಗಣತಿಯಲ್ಲಿ ಸುಮಾರು 4 ಲಕ್ಷ 35 ಸಾವಿರ ಜನರಿದ್ದ ಊರಿಗೆ ಎರಡು ದಂತ ಕಾಲೇಜು ಎಂಬುದು ಸಣ್ಣ ಅನುಕೂಲವಲ್ಲ. ಇಷ್ಟಿದ್ದೂ ಆ ಓಣಿಯ ಚಿಕಿತ್ಸೆಯಾದ ರೂಟ್ ಕೆನಾಲಿನ ಹೆಸರೆತ್ತಿದರೆ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ಡಾಕ್ಟರ ಬಳಿ ಹೋಗುವ ಮೊದಲು: 'ಈಗ ನೋವಿಲ್ಲ ಬಿಡ್ರಿ, ಆಮೇಲೆ ನೋಡಿದ್ರಾತು.' ಎರಡು ಸಲ ಹೋಗಿಬಂದ ಮೇಲೆ: 'ನೋವು ಹೋತಲ್ಲ, ಇನ್ನ ಕ್ಯಾಪ್ ಯಾಕ್ ಬೇಕು?' ಕೇಳುವುದಕ್ಕೆ ಇವು ಬೇರೆ ಬೇರೆ ಮಾತು. ಹುಟ್ಟಿದ್ದು ಒಂದೇ ತಪ್ಪಿನಿಂದ. ನೋವನ್ನೇ ರೋಗವೆಂದು ತಿಳಿದ ತಪ್ಪು ಅದು. ರೂಟ್ ಕೆನಾಲ್ ನೋವಿಗೆ ಮಾಡುವ ಚಿಕಿತ್ಸೆಯಲ್ಲ, ಸೋಂಕಿಗೆ ಮಾಡುವ ಚಿಕಿತ್ಸೆ. ನೋವು ಬರುವುದಕ್ಕೂ ಹೋಗುವುದಕ್ಕೂ ಆ ಸೋಂಕಿನ ಏರಿಳಿತಕ್ಕೂ ತಾಳಮೇಳವಿಲ್ಲ. ರೋಗಿ ತಿಳಿದಿರಬೇಕಾದ ಉಳಿದದ್ದೆಲ್ಲ ಇದರಿಂದ ತಾನಾಗಿ ಹೊರಡುತ್ತದೆ ಎಂಬುದು ನನ್ನ ವಾದ.

ಹಲ್ಲಿನ ಮೇಲ್ಪದರ ಎನಾಮೆಲ್. ಅದಕ್ಕೆ ಜೀವವಿಲ್ಲ, ನೋವೂ ಇಲ್ಲ. ಅದರ ಒಳಗೆ ಡೆಂಟಿನ್, ಸಣ್ಣ ಸಣ್ಣ ಕೊಳವೆಗಳು ತುಂಬಿದ ಪದರ. ಎಲ್ಲಕ್ಕಿಂತ ಒಳಗೆ ತಿರುಳು: ನರ, ರಕ್ತನಾಳ, ಮೆತ್ತನೆಯ ಮಾಂಸ. ಹುಳುಕು ಎನಾಮೆಲ್ ದಾಟುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಡೆಂಟಿನ್ನಿಗೆ ಇಳಿದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ಮೆನ್ನುತ್ತದೆ. ನೀರು ನುಂಗಿದ ಮೇಲೆ ನಿಲ್ಲುತ್ತದೆ. ಈ ಹಂತದಲ್ಲೇ ಡಾಕ್ಟರ ಬಳಿ ಹೋದವರಿಗೆ ಸಾಮಾನ್ಯವಾಗಿ ಸಿಮೆಂಟು ತುಂಬಿಸಿದರೆ ಸಾಕು. ಸೋಂಕು ತಿರುಳು ಮುಟ್ಟಿದಾಗ ಕತೆ ಬೇರೆ. ಬೆರಳಿಗೆ ಪೆಟ್ಟಾದರೆ ಬೆರಳು ಊದುತ್ತದೆ, ಊದಲು ಜಾಗವಿದೆ. ತಿರುಳಿನ ಸುತ್ತ ನಾಲ್ಕೂ ಕಡೆ ಗಟ್ಟಿ ಗೋಡೆ. ಊದುವ ರಕ್ತನಾಳ ತನ್ನ ನರವನ್ನೇ ಅದುಮುತ್ತದೆ. ಒಂದು ಗುಟುಕು ತಣ್ಣೀರಿಗೆ ಶುರುವಾದ ನೋವು ನೀರು ಹೋಗಿ ಎಷ್ಟೋ ಹೊತ್ತಾದರೂ ಬಿಡುವುದಿಲ್ಲ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ತಲೆದಿಂಬಿಗೆ ತಲೆ ಇಟ್ಟ ಕೂಡಲೇ ರಕ್ತದ ಒತ್ತಡ ಮೇಲೇರಿ ಕಿವಿ, ಕಪಾಳ, ಕಣ್ಣಿನವರೆಗೆ ಸಿಡಿಯುತ್ತದೆ. ಯಾವ ಹಲ್ಲು ಎಂದು ಬೆರಳಿಟ್ಟು ತೋರಿಸುವುದೂ ಕಷ್ಟ. ಕೆಳಗಿನ ದವಡೆಯ ನೋವು ಮೇಲಿನದು ಅನ್ನಿಸುವುದುಂಟು.

ಆಮೇಲೆ ಒಂದು ಬೆಳಗ್ಗೆ ನೋವು ಇರುವುದಿಲ್ಲ. ಲವಂಗದೆಣ್ಣೆ ಹಚ್ಚಿದವರು ಲವಂಗಕ್ಕೆ, ಮಾತ್ರೆ ನುಂಗಿದವರು ಮಾತ್ರೆಗೆ, ಹರಕೆ ಹೊತ್ತವರು ದೇವರಿಗೆ ಕೈಮುಗಿಯುತ್ತಾರೆ. ಬಹುಪಾಲು ಸಲ ಅಲ್ಲಿ ಆಗಿರುವುದು ಇಷ್ಟೇ: ನರ ಸತ್ತಿದೆ. ಬೊಬ್ಬೆ ಹೊಡೆಯುತ್ತಿದ್ದ ಕಾವಲುಗಾರ ಸತ್ತಿದ್ದಾನೆ, ಕಳ್ಳ ಮನೆಯಲ್ಲೇ ಇದ್ದಾನೆ. ಸತ್ತ ತಿರುಳನ್ನು ತಿಂದು ಬೆಳೆದ ಬ್ಯಾಕ್ಟೀರಿಯಾ ಬೇರಿನ ತುದಿಯ ಕಿಂಡಿಯಿಂದ ದವಡೆಯ ಮೂಳೆಗೆ ಇಳಿಯುತ್ತವೆ. ಅಲ್ಲಿನ ಮೂಳೆ ನಿಧಾನವಾಗಿ ಕರಗುತ್ತದೆ, ವರ್ಷಗಟ್ಟಲೆ ಸದ್ದಿಲ್ಲದೆ ಕರಗುವುದೂ ಉಂಟು. ಒಂದು ದಿನ ರೊಟ್ಟಿ ಕಡಿದಾಗ ಆ ಹಲ್ಲು ಉಳಿದವಕ್ಕಿಂತ ಎತ್ತರವಾದಂತೆ ತಾಗುತ್ತದೆ, ಅದುಮಿದರೆ ನೋಯುತ್ತದೆ. ಕೀವು ತುಂಬಿದರೆ ಮುಖ ಊದುತ್ತದೆ. ಕೀವು ವಸಡಿನಲ್ಲಿ ಒಂದು ಗುಳ್ಳೆ ಮಾಡಿ ದಾರಿ ಕಂಡುಕೊಂಡರೆ ಮತ್ತೆ ನೋವು ಮಾಯ. ನಾಲಿಗೆ ತಾಗಿಸಿದರೆ ಸ್ವಲ್ಪ ಉಪ್ಪುಪ್ಪು ರುಚಿ, ಅಷ್ಟೇ. ಹೀಗೆ ಒಂದೇ ಹಲ್ಲು ಎರಡು ಸಲ ನಮ್ಮನ್ನು ಸಮಾಧಾನಪಡಿಸುತ್ತದೆ, ಎರಡು ಸಲವೂ ರೋಗ ಮೊದಲಿಗಿಂತ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ.

ಬ್ಯಾಕ್ಟೀರಿಯಾ ಎಂದೆ. ಹುಳುಕು ಎಂಬ ನಮ್ಮ ಶಬ್ದದಲ್ಲೇ ಹುಳು ಇದೆ. ಸುಶ್ರುತ ಸಂಹಿತೆಯೂ ದಂತರೋಗಗಳಲ್ಲಿ ಒಂದನ್ನು ಕ್ರಿಮಿದಂತಕ ಎಂದೇ ಕರೆಯುತ್ತದೆ. ಪ್ರಾಚೀನ ಬ್ಯಾಬಿಲೋನಿಯಾದವರೂ ಹಲ್ಲಿನ ಹುಳುವನ್ನು ನಂಬಿದ್ದರು. ಫ್ರಾನ್ಸಿನ ಪಿಯೇರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಅಂಥ ಹುಳು ತನಗೆ ಕಾಣಲೇ ಇಲ್ಲ ಎಂಬ ನಿಲುವು ತಾಳಿದ. ಸಂತೆಯಲ್ಲಿ ಕೊಳವೆಯಿಂದ ಹೊಗೆ ಊದಿ ಹುಳು ಉದುರಿಸಿ ತೋರಿಸುವವರು ಮಾತ್ರ ಇನ್ನೂ ಆ ಗ್ರಂಥ ಓದಿದಂತಿಲ್ಲ. ಹುಳು ಇಲ್ಲ, ಕಣ್ಣಿಗೆ ಕಾಣದ ಜೀವಿಗಳಿವೆ. ಅವೇ ಕಾರಣ ಎಂಬುದಕ್ಕೆ ಅತಿ ಸ್ಪಷ್ಟ ಪುರಾವೆ ಸಿಕ್ಕಿದ್ದು 1965ರಲ್ಲಿ. ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಇಲಿಗಳ ದವಡೆ ಹಲ್ಲಿಗೆ ತೂತು ಕೊರೆದು ತಿರುಳನ್ನು ಬಾಯಿಗೆ ತೆರೆದಿಟ್ಟರು. ಕೆಲವು ಸಾಮಾನ್ಯ ಇಲಿಗಳು, ಕೆಲವು ಒಂದೇ ಒಂದು ಸೂಕ್ಷ್ಮಜೀವಿಯೂ ಇಲ್ಲದ ಕೋಣೆಯಲ್ಲಿ ಹುಟ್ಟಿ ಬೆಳೆದವು. ಸಾಮಾನ್ಯ ಇಲಿಗಳ ತಿರುಳು ಕೊಳೆತು ಬೇರಿನ ತುದಿಯಲ್ಲಿ ಕೀವಾಯಿತು. ಸೂಕ್ಷ್ಮಜೀವಿ ಇಲ್ಲದ ಇಲಿಗಳಲ್ಲಿ ಆ ತೂತಿನೊಳಗೆ ಆಹಾರದ ಚೂರು ತುರುಕಿಕೊಂಡರೂ ತಿರುಳು ಬದುಕಿತು, ತೂತಿನ ಬಾಯಿಗೆ ತಾನೇ ಹೊಸ ಡೆಂಟಿನ್ ಕಟ್ಟಿಕೊಂಡಿತು. ಗಾಯ ಒಂದೇ, ಪೆಟ್ಟು ಒಂದೇ. ಸೂಕ್ಷ್ಮಜೀವಿ ಇದ್ದಲ್ಲಿ ಮಾತ್ರ ರೋಗ. ರೂಟ್ ಕೆನಾಲಿನ ತರ್ಕವೆಲ್ಲ ಇಷ್ಟರಲ್ಲಿದೆ: ಒಳಗಿರುವುದನ್ನು ತೆಗೆ, ಮತ್ತೆ ಒಳಬರದಂತೆ ಮುಚ್ಚು.

ಹಾಗಾದರೆ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ನುಂಗಿದರಾಯಿತಲ್ಲ ಎಂಬುದು ಸಹಜ ಪ್ರಶ್ನೆ. ನಮ್ಮ ಊರುಗಳಲ್ಲಿ ಈ ಪ್ರಶ್ನೆ ಕೇಳುವ ಮೊದಲೇ ಔಷಧದಂಗಡಿಯ ಕಟ್ಟೆಯ ಮೇಲೆ ಉತ್ತರ ಸಿಗುತ್ತದೆ, ಚೀಟಿಯಿಲ್ಲದ ಐದು ದಿನದ ಆ್ಯಂಟಿಬಯೋಟಿಕ್ ರೂಪದಲ್ಲಿ. ಮಾತ್ರೆ ಎಲ್ಲಿಗೆ ಹೋಗಬೇಕಾದರೂ ರಕ್ತದ ಜೊತೆ ಹೋಗಬೇಕು. ಸತ್ತ ತಿರುಳಿಗೆ ರಕ್ತವೇ ಹರಿಯುವುದಿಲ್ಲ. ಕಾಲುವೆ ಒಣಗಿದ ಗದ್ದೆಗೆ ತೂಬು ಎತ್ತಿದರೇನು ಬಂತು? ತಿರುಳು ಇನ್ನೂ ಜೀವಂತವಿದ್ದು ಉರಿಯುತ್ತಿರುವಾಗಲೂ ಲಾಭವಿಲ್ಲ. 40 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರ್ಧ ಜನರಿಗೆ ಪೆನಿಸಿಲಿನ್, ಇನ್ನರ್ಧಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಹಲ್ಲಿಗೆ ಚಿಕಿತ್ಸೆ ಸಿಗುವಂತಿದ್ದರೆ ಆರೋಗ್ಯವಂತ ವಯಸ್ಕರಿಗೆ ಇಂಥ ನೋವಿಗೆ ಆ್ಯಂಟಿಬಯೋಟಿಕ್ ಬೇಡ ಎನ್ನುತ್ತದೆ. ಜ್ವರ ಬಂದಾಗ, ಊತ ಹರಡುತ್ತಿರುವಾಗ ಬೇಕು. ಆಗಲೂ ಹಲ್ಲಿನ ಕೆಲಸದ ಜೊತೆಗೆ ಬೇಕು, ಅದರ ಬದಲಿಗಲ್ಲ. ಮನೆಮದ್ದುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲವಂಗದಲ್ಲಿರುವ ಯೂಜಿನಾಲ್ ನರವನ್ನು ತುಸು ಜೋಮು ಹಿಡಿಸುವುದು ನಿಜ, ದಂತವೈದ್ಯರೇ ಅದನ್ನು ಸತುವಿನ ಪುಡಿಯೊಂದಿಗೆ ಕಲಸಿ ತಾತ್ಕಾಲಿಕ ಸಿಮೆಂಟು ಮಾಡುತ್ತಾರೆ. ಎಕ್ಕದ ಹಾಲು, ಕಡ್ಡಿಪುಡಿ, ವಸಡಿಗೆ ಒತ್ತಿಟ್ಟ ಆಸ್ಪಿರಿನ್ ಮಾತ್ರೆ, ಇವು ವಸಡು ಸುಟ್ಟು ಎರಡನೆಯ ನೋವೊಂದನ್ನು ಕೊಡುತ್ತವೆ. ಎರಡನೆಯ ನೋವಿನ ಮುಂದೆ ಮೊದಲನೆಯದು ಮರೆತುಹೋಗುವುದನ್ನೇ ಗುಣ ಎನ್ನುವುದಾದರೆ ಗುಣವೇ ಸರಿ.

ಈಗ ಕುರ್ಚಿಯ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಹರಿಹರದವರಿಗೆ ಇದು ಬೇಗ ಅರ್ಥವಾದೀತು; ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತು ತಯಾರಿಸುತ್ತಿದ್ದ ಊರಿನಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗ ಎಂದರೆ ಎಷ್ಟು ಎಂದು ಬಲ್ಲ ಮನೆಗಳು ಇನ್ನೂ ಇವೆ. ಒಂದು ದವಡೆ ಹಲ್ಲಿನ ಒಟ್ಟು ಉದ್ದ 20 ಮಿಲಿಮೀಟರಿನ ಆಸುಪಾಸು. ಅದರ ಬೇರಿನ ಓಣಿಗೆ ಮೊದಲು ಇಳಿಯುವ ಸೂಜಿಯಂಥ ಅರಗಳಾದ ಫೈಲುಗಳಲ್ಲಿ 10ನೇ ನಂಬರಿನದರ ತುದಿಯ ದಪ್ಪ 0.10 ಮಿಲಿಮೀಟರು, ತಲೆಗೂದಲಿಗಿಂತ ಸ್ವಲ್ಪವೇ ದಪ್ಪ. ಓಣಿ ನೇರವಿರುವುದಿಲ್ಲ, ಕೊಕ್ಕೆಯಂತೆ ಬಾಗಿರುತ್ತದೆ, ಕೆಲವೆಡೆ ಕವಲೊಡೆಯುತ್ತದೆ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು; ಓಣಿಯೂ ಮೂರೇ ಎಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಸಲ ಮೋಸ ಹೋಗುತ್ತೇವೆ, ಏಕೆಂದರೆ ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ನಾಲ್ಕನೆಯದೊಂದು ಅಡಗಿರುತ್ತದೆ. ಅದನ್ನು ಬಿಟ್ಟರೆ ಕೆಲಸ ಎಷ್ಟೇ ಚೊಕ್ಕವಾಗಿದ್ದರೂ ಸೋಂಕು ಅಲ್ಲೇ ಕುಳಿತಿರುತ್ತದೆ. ಓಣಿಯ ಕೊನೆ ಎಲ್ಲಿ ಎಂಬುದನ್ನು ತುಟಿಗೊಂದು ಕೊಕ್ಕೆ ಸಿಕ್ಕಿಸಿ ವಿದ್ಯುತ್ ರೋಧ ಅಳೆಯುವ ಪುಟ್ಟ ಯಂತ್ರದಿಂದಲೂ ಎಕ್ಸ್‌ರೇಯಿಂದಲೂ ಗೊತ್ತುಮಾಡುತ್ತಾರೆ. ಫೈಲು ಗೋಡೆ ಕೆರೆಯುತ್ತದೆ; ಅದು ಮುಟ್ಟಲಾಗದ ಸಂದಿಗಳಿಗೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಹರಿಸುತ್ತಾರೆ, ಬಟ್ಟೆ ಬಿಳುಪಾಗಿಸಲು ಬಳಸುವ ಅದೇ ರಾಸಾಯನಿಕ. ಬಾಯಲ್ಲಿ ಬ್ಲೀಚಿನ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ನಿಜವಾಗಿ ಸೋಂಕನ್ನು ಕೊಲ್ಲುವುದು ಆ ದ್ರಾವಣವೇ. ಫೈಲು ಅದಕ್ಕೆ ದಾರಿ ಮಾಡಿಕೊಡುತ್ತದೆ. ಕೊನೆಗೆ ಓಣಿಯನ್ನು ಒಣಗಿಸಿ ಗಟಾಪರ್ಚಾ ಎಂಬ ಮಲಯ ನಾಡಿನ ಮರದ ಹಾಲಿನಿಂದಾದ ಗುಲಾಬಿ ಬಣ್ಣದ ಕಡ್ಡಿಗಳನ್ನು ತುಂಬುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದ ತಳದ ಟೆಲಿಗ್ರಾಫ್ ತಂತಿಗೆ ನೀರು ತಾಗದಂತೆ ಸುತ್ತುತ್ತಿದ್ದದ್ದೂ ಇದನ್ನೇ. ಅಲ್ಲೂ ಕೆಲಸ ಒಂದೇ, ಒದ್ದೆ ಒಳಬರಬಾರದು.

ಇಡೀ ಕೆಲಸದಲ್ಲಿ ರೋಗಿ ಕಣ್ಣಾರೆ ನೋಡಿ ಗುರುತಿಸಬಹುದಾದ ಒಂದು ವಸ್ತುವಿದೆ. ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ. ಅದಕ್ಕೊಂದು ತೂತು ಮಾಡಿ ಹಲ್ಲನ್ನು ಮಾತ್ರ ಹೊರಗೆ ಚಾಚಿಸಿ ಉಳಿದ ಬಾಯನ್ನು ಮುಚ್ಚುತ್ತಾರೆ. ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ 1864ರಲ್ಲಿ ಕಂಡುಕೊಂಡದ್ದು, ಅಂದರೆ ಎಕ್ಸ್‌ರೇಗಿಂತ ಮೂರು ದಶಕ ಹಳೆಯದು. ಜೊಲ್ಲಿನ ಒಂದೊಂದು ಹನಿಯಲ್ಲೂ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುವಾಗ, ಬ್ಯಾಕ್ಟೀರಿಯಾ ತೆಗೆಯುವ ಕೆಲಸವನ್ನು ಜೊಲ್ಲಿನ ಮಧ್ಯೆ ಮಾಡುವುದು ಮಳೆಯಲ್ಲಿ ನಿಂತು ಮೈ ಒರೆಸಿಕೊಂಡಂತೆ. ಫೈಲು ಕೈಜಾರಿ ಗಂಟಲಿಗೆ ಹೋಗದಂತೆ ತಡೆಯುವುದೂ ಅದೇ ಹಾಳೆ. 'ಡಾಕ್ಟ್ರೇ, ಡ್ಯಾಮ್ ಹಾಕ್ತೀರಲ್ಲ?' ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಇಲ್ಲಿಗೆ ನೋವು ಹೋಗಿದೆ, ಮೇಲೊಂದು ತಾತ್ಕಾಲಿಕ ಸಿಮೆಂಟು ಕೂತಿದೆ, ಮತ್ತು ರೋಗಿ ಕಾಣೆಯಾಗುತ್ತಾನೆ. ನನ್ನ ವಾದಕ್ಕೆ ಅತಿ ಮುಖ್ಯವಾದ ಪುರಾವೆ ಈ ಹಂತದ್ದು. 1995ರಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ರೇ ಮತ್ತು ಟ್ರೋಪ್ ರೂಟ್ ಕೆನಾಲ್ ಆಗಿದ್ದ 1,010 ಹಲ್ಲುಗಳ ಎಕ್ಸ್‌ರೇ ಪರಿಶೀಲಿಸಿದರು. ಬೇರಿನ ಕೆಲಸವೂ ಮೇಲಿನ ಮುಚ್ಚಳವೂ ಚೆನ್ನಾಗಿದ್ದವುಗಳಲ್ಲಿ ಶೇಕಡ 91ಕ್ಕೆ ಬೇರಿನ ತುದಿ ಆರೋಗ್ಯವಾಗಿತ್ತು. ಬೇರಿನ ಕೆಲಸ ಚೆನ್ನಾಗಿದ್ದು ಮೇಲಿನ ಮುಚ್ಚಳ ಕೆಟ್ಟಿದ್ದವುಗಳಲ್ಲಿ ಆ ಪ್ರಮಾಣ ಶೇಕಡ 44ಕ್ಕೆ ಇಳಿದಿತ್ತು. ಎರಡೂ ಕೆಟ್ಟಿದ್ದಲ್ಲಿ ಶೇಕಡ 18. ಮುಂದಿನ ಅಧ್ಯಯನಗಳು ಮುಚ್ಚಳಕ್ಕೆ ಇಷ್ಟು ಭಾರ ಕೊಡದೆ ಎರಡೂ ಸಮಸಮ ಎಂದು ತಿದ್ದಿವೆ, ಅದನ್ನು ಒಪ್ಪೋಣ. ಸಮಸಮ ಎಂದರೂ ಅರ್ಧ ಕೆಲಸ ಉಳಿದಿದೆ ಎಂದೇ ಆಯಿತು. ಇನ್ನೊಂದು ಲೆಕ್ಕ: 2004ರಲ್ಲಿ ಪ್ರಕಟವಾದ ಅಮೆರಿಕದ ವಿಮಾ ದಾಖಲೆಗಳ ಅಧ್ಯಯನ 14,62,936 ಹಲ್ಲುಗಳನ್ನು ಎಂಟು ವರ್ಷ ಹಿಂಬಾಲಿಸಿತು. ಶೇಕಡ 97 ಹಲ್ಲು ಬಾಯಲ್ಲೇ ಉಳಿದಿದ್ದವು. ಕೀಳಬೇಕಾಗಿ ಬಂದವನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಶೇಕಡ 85ಕ್ಕೆ ಹಲ್ಲನ್ನು ಪೂರ್ತಿ ಮುಚ್ಚುವ ಕ್ಯಾಪ್ ಇರಲಿಲ್ಲ. ತಾತ್ಕಾಲಿಕ ಸಿಮೆಂಟು ವಾರಗಳ ಲೆಕ್ಕದ ವಸ್ತು. ಅದರ ಅಂಚಿನಲ್ಲಿ ಜೊಲ್ಲು ಇಳಿಯತೊಡಗಿದರೆ ಒಳಗಿನ ಶ್ರಮ ನೀರುಪಾಲು, ಅದೂ ನೋವಿಲ್ಲದೆ, ಏಕೆಂದರೆ ಹೇಳುವುದಕ್ಕೆ ಒಳಗೆ ನರವೇ ಇಲ್ಲ.

ಕ್ಯಾಪಿನ ಇನ್ನೊಂದು ಕೆಲಸ ಹಲ್ಲನ್ನು ಸೀಳದಂತೆ ಹಿಡಿದಿಡುವುದು. ನರ ತೆಗೆದ ಹಲ್ಲು ಒಣಗಿದ ಕಟ್ಟಿಗೆಯಂತೆ ಪೆಡಸಾಗುತ್ತದೆ ಎಂಬ ಮಾತಿದೆ. 1989ರಲ್ಲಿ ರೀ ಮತ್ತು ಸಂಗಡಿಗರು ಕಿತ್ತ ಹಲ್ಲುಗಳ ಮೇಲೆ ಭಾರ ಹೇರಿ ಅಳೆದಾಗ, ರೂಟ್ ಕೆನಾಲಿನ ಕೊರೆತದಿಂದ ಹಲ್ಲಿನ ಬಿಗಿ ಕಡಿಮೆಯಾದದ್ದು ಶೇಕಡ 5 ಮಾತ್ರ. ಎರಡೂ ಪಕ್ಕದ ಗೋಡೆ ಹೋಗುವಷ್ಟು ಹುಳುಕಿನ ಕುಳಿಯಿಂದ ಶೇಕಡ 63. ಹಲ್ಲನ್ನು ದುರ್ಬಲ ಮಾಡಿದ್ದು ಹುಳುಕು, ಬೈಗುಳ ತಿನ್ನುವುದು ಚಿಕಿತ್ಸೆ. ಅಂಥ ಹಲ್ಲಿಗೆ ಸಂಜೆಯ ಮಂಡಕ್ಕಿಯಲ್ಲಿ ಒಂದು ಗಟ್ಟಿ ಹುರಿಗಡಲೆ ಸಿಕ್ಕರೆ ಸಾಕು, ಉದ್ದಕ್ಕೆ ಬೇರಿನವರೆಗೆ ಸೀಳು ಬಿಡುತ್ತದೆ. ಹಾಗೆ ಸೀಳಿದ ಬೇರನ್ನು ಉಳಿಸುವ ವಿದ್ಯೆ ಇನ್ನೂ ಬಂದಿಲ್ಲ. ಮುಂದಿನ ಹಲ್ಲುಗಳ ಮಾತು ಬೇರೆ. ಅವು ಕತ್ತರಿಸುವ ಹಲ್ಲು, ಅರೆಯುವ ಹಲ್ಲಲ್ಲ. ಗೋಡೆ ಗಟ್ಟಿಯಿದ್ದರೆ ಎಷ್ಟೋ ಸಲ ಬಿಳಿ ಸಿಮೆಂಟಿನಲ್ಲೇ ಮುಗಿಯುತ್ತದೆ. ಮುಂದಿನ ಹಲ್ಲಿಗೂ ಕ್ಯಾಪ್ ಬೇಕೆಂದರೆ ಯಾಕೆ ಎಂದು ಕೇಳಿ ತಿಳಿಯುವುದು ನ್ಯಾಯ.

ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಚಿಕಿತ್ಸೆಯೇ ಘೋರ ನೋವು ಎಂಬುದು. ಜನ ನೆನಪಿಟ್ಟುಕೊಳ್ಳುವ ನೋವು ಬಹುಮಟ್ಟಿಗೆ ಚಿಕಿತ್ಸೆಗೆ ಮುಂಚಿನದು. ಆದರೂ ಒಂದು ಸತ್ಯ ಮುಚ್ಚಿಡಬಾರದು: ಉರಿಯುತ್ತಿರುವ ಕೆಳ ದವಡೆ ಹಲ್ಲಿಗೆ ಸಾಮಾನ್ಯ ಇಂಜೆಕ್ಷನ್ ಕೆಲವು ಸಲ ಪೂರ್ತಿ ಹಿಡಿಯುವುದಿಲ್ಲ. ತುಟಿ ಜೋಮು ಹಿಡಿದಿದ್ದರೂ ಹಲ್ಲು ಎಚ್ಚರವಿರುತ್ತದೆ. ಆಗ ಹಲ್ಲಿನ ಪಕ್ಕದ ಸಂದಿಗೋ ಮೂಳೆಗೋ ತಿರುಳಿಗೋ ಮತ್ತೊಂದು ಇಂಜೆಕ್ಷನ್ ಕೊಡುವ ಕ್ರಮಗಳಿವೆ. ಹಲ್ಲು ಕಚ್ಚಿ ಸಹಿಸುವ ಬದಲು ಎಡಗೈ ಎತ್ತಿದರೆ ಕೆಲಸ ನಿಲ್ಲುತ್ತದೆ. ನೋವು ಏರಿದ ಮೇಲೆ ಬರುವವರಿಗೇ ಈ ತೊಂದರೆ ಹೆಚ್ಚು ಎಂಬುದು ಇಲ್ಲಿಯ ವ್ಯಂಗ್ಯ. ಕೆಲಸದ ನಂತರ ಎರಡು ಮೂರು ದಿನ ಅಗಿಯುವಾಗ ನೋಯುವುದು ಸಾಮಾನ್ಯ. ಅದು ವಾಸಿಯಾಗುವ ನೋವು, ಸೋತ ಚಿಕಿತ್ಸೆಯ ಗುರುತಲ್ಲ. ನೋಡಿ, ಇಲ್ಲೂ ನೋವು ತಪ್ಪು ದಾರಿಯನ್ನೇ ತೋರಿಸಿತು.

ಎರಡನೆಯದು, ಸತ್ತ ಹಲ್ಲನ್ನು ಬಾಯಲ್ಲಿಟ್ಟುಕೊಂಡರೆ ಮೈಗೆ ವಿಷ ಏರುತ್ತದೆ ಎಂಬ ಭಯ. ಇದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ ಮಾಂಟ್ರಿಯಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ ಕೊಳೆತ ಬಾಯಿ ಮೈಯ ಅನೇಕ ರೋಗಗಳ ಮೂಲ ಎಂದ. 1920ರ ದಶಕದಲ್ಲಿ ವೆಸ್ಟನ್ ಪ್ರೈಸ್ ಅದನ್ನು ರೂಟ್ ಕೆನಾಲಿಗೆ ಅಂಟಿಸಿದ. ಸಂಧಿವಾತ ಬಂದವರ ಆರೋಗ್ಯವಂತ ಹಲ್ಲುಗಳನ್ನೂ ಸಾಲುಸಾಲಾಗಿ ಕಿತ್ತರು. ಈ ವಾದದ ಪರವಾಗಿದ್ದ ರಸೆಲ್ ಸೆಸಿಲ್ ಎಂಬ ವೈದ್ಯರೇ 1938ರಲ್ಲಿ 200 ಸಂಧಿವಾತ ರೋಗಿಗಳ ವಿವರ ಪರಿಶೀಲಿಸಿ, ಹಲ್ಲು ಕಿತ್ತದ್ದರಿಂದ ಲಾಭ ಕಾಣಲಿಲ್ಲವೆಂದು ಹಿಂದೆ ಸರಿದರು. ಅದೇ ಹಳೆಯ ಭಯವನ್ನು ಹೊಸ ಬಟ್ಟೆಯಲ್ಲಿ ತಂದ ಒಂದು ಸಾಕ್ಷ್ಯಚಿತ್ರವನ್ನು 2019ರಲ್ಲಿ ನೆಟ್‌ಫ್ಲಿಕ್ಸ್ ತೆಗೆದುಹಾಕಿತು. ವಾಟ್ಸಾಪಿನಲ್ಲಿ ಅದಕ್ಕೆ ಸಾವಿಲ್ಲ. ಇನ್ನು 'ಸತ್ತ ಹಲ್ಲು' ಎಂಬ ಮಾತೇ ಪೂರ್ತಿ ಸರಿಯಲ್ಲ. ಸತ್ತದ್ದು ಒಳಗಿನ ತಿರುಳು. ಬೇರನ್ನು ಮೂಳೆಗೆ ಕಟ್ಟಿರುವ ತಂತುಗಳಿಗೆ ಮೂಳೆಯ ಕಡೆಯಿಂದ ರಕ್ತ ಹರಿಯುತ್ತಲೇ ಇರುತ್ತದೆ, ಅವು ಜೀವಂತ. ಅನ್ನದಲ್ಲಿ ಕಲ್ಲು ಸಿಕ್ಕರೆ ರೂಟ್ ಕೆನಾಲ್ ಆದ ಹಲ್ಲಿಗೂ ಗೊತ್ತಾಗುವುದು ಅದರಿಂದಲೇ. ಮೇಲಿನ ಹಲ್ಲಿಗೆ ಕೈಹಚ್ಚಿದರೆ ಕಣ್ಣು ಹೋಗುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಮುಗಿಸಿಬಿಡೋಣ: ದೃಷ್ಟಿಯ ನರ ಮಿದುಳಿನಿಂದ ಹೊರಡುವ ಎರಡನೆಯ ಜೋಡಿ, ಹಲ್ಲಿನದು ಐದನೆಯದು. ದಾರಿ ಬೇರೆ, ಕೆಲಸ ಬೇರೆ. ಹಾಗೆ ನೋಡಿದರೆ ಕಣ್ಣಿಗೆ ಅಪಾಯವಾಗುವುದು ಮೇಲಿನ ಹಲ್ಲಿನ ಕೀವನ್ನು ಹಾಗೇ ಬಿಟ್ಟು ಊತ ಕಣ್ಣಿನವರೆಗೆ ಏರಿದಾಗ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಲ್ಲ ಮಾಡಿಸಿಯೂ ಕೆಟ್ಟುಹೋಗುತ್ತದಲ್ಲ? ಹೌದು, ಕೆಲವು ಕೆಡುತ್ತವೆ. ಮೇಲೆ ಹೇಳಿದ ಶೇಕಡ 97 ಎಂಬುದು ಹಲ್ಲು ಉಳಿದ ಲೆಕ್ಕ, ವಾಸಿಯಾದ ಲೆಕ್ಕವಲ್ಲ. ಅದೂ ವಿಮೆ ಇರುವ ಅಮೆರಿಕನ್ನರದು. ಎಕ್ಸ್‌ರೇಯಲ್ಲಿ ಮೂಳೆ ಪೂರ್ತಿ ತುಂಬಿಕೊಂಡಿರಬೇಕೆಂಬ ಕಟ್ಟುನಿಟ್ಟಿನ ಅಳತೆ ಹಿಡಿದ ಲಂಡನ್ನಿನ ಈಸ್ಟ್‌ಮನ್ ದಂತ ಸಂಸ್ಥೆಯ 2011ರ ಅಧ್ಯಯನದಲ್ಲಿ ಮೊದಲ ಚಿಕಿತ್ಸೆ ಶೇಕಡ 83ರಷ್ಟು, ಕೆಟ್ಟದ್ದನ್ನು ಬಿಚ್ಚಿ ಮತ್ತೆ ಮಾಡಿದ್ದು ಶೇಕಡ 80ರಷ್ಟು ಬೇರುಗಳಲ್ಲಿ ಗುಣ ಕಂಡಿತ್ತು. ಅಂದರೆ ಐದಾರಕ್ಕೆ ಒಂದು ವಾಸಿಯಾಗದೇ ಉಳಿಯಬಹುದು, ಮತ್ತು ಅದರಲ್ಲೂ ಹೆಚ್ಚಿನವಕ್ಕೆ ಎರಡನೆಯ ಅವಕಾಶವಿದೆ. ಈ ಲೆಕ್ಕವನ್ನು ಶುರುವಿಗೇ ಹೇಳುವ ವೈದ್ಯರನ್ನು ನಂಬಬಹುದು. ನೂರಕ್ಕೆ ನೂರು ಗ್ಯಾರಂಟಿ ಎನ್ನುವವರ ಬಗ್ಗೆ ಎಚ್ಚರವಿರಲಿ. ಓಣಿಯಲ್ಲಿ ಫೈಲು ಮುರಿದು ಉಳಿಯುವುದೂ ಉಂಟು. ಅದರಿಂದ ಹಲ್ಲು ಹೋಗಲೇಬೇಕೆಂದಿಲ್ಲ, ಆದರೆ ಉಳಿದಿದೆ ಎಂಬುದು ರೋಗಿಗೆ ತಿಳಿಯಲೇಬೇಕು. ಒಂದೇ ಸಿಟ್ಟಿಂಗಿನಲ್ಲಿ ಮುಗಿಸಿದರೆ ಒಳ್ಳೆಯದೋ ಮೂರಾದರೋ ಎಂಬ ಚರ್ಚೆಗೆ ಹೆಚ್ಚು ಅರ್ಥವಿಲ್ಲ. ವಾಸಿಯಾಗುವ ಪ್ರಮಾಣದಲ್ಲಿ ವ್ಯತ್ಯಾಸ ಕಂಡಿಲ್ಲ.

ನಾಲ್ಕನೆಯದನ್ನು ಜನ ಎದುರಿಗೆ ಹೇಳುವುದಿಲ್ಲ, ಹೊರಗೆ ಬಂದು ಹೇಳುತ್ತಾರೆ: ಬೇಕಿಲ್ಲದಿದ್ದರೂ ದುಡ್ಡಿಗಾಗಿ ಮಾಡುತ್ತಾರೆ. ಬೇಕಿಲ್ಲದ ಸಂದರ್ಭಗಳು ಇರುವುದು ನಿಜ. ಜಗಳೂರು ಕಡೆಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆ ಹುಳುಕಲ್ಲ. ತಣ್ಣೀರಿಗೆ ಜುಮ್ಮೆಂದು ತಕ್ಷಣ ನಿಲ್ಲುವ ಹಲ್ಲಿಗೆ ಸಾಮಾನ್ಯವಾಗಿ ರೂಟ್ ಕೆನಾಲ್ ಬೇಡ. ಅಲುಗಾಡುವ ಹಲ್ಲಿಗೆ, ವಸಡಿನ ಮೇಲೆ ಏನೂ ಉಳಿಯದ ಹಲ್ಲಿಗೆ, ಉದ್ದಕ್ಕೆ ಸೀಳಿದ ಬೇರಿಗೆ ಮಾಡಿದರೂ ವ್ಯರ್ಥ. ಇನ್ನೊಂದು ಹೊಸ ಬೆಳವಣಿಗೆಯೂ ಇದೆ. ತಿರುಳಿನ ಮೇಲ್ಭಾಗ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ತೆಗೆದು, 1990ರ ದಶಕದಲ್ಲಿ ಬಂದ ಎಂಟಿಎ ಎಂಬ ಸಿಮೆಂಟಿನಂಥ ವಸ್ತುವಿನಿಂದ ಮುಚ್ಚಿ, ಬೇರಿನ ತಿರುಳನ್ನು ಜೀವಂತ ಉಳಿಸುವ ಪಲ್ಪೊಟಮಿ. ಮಕ್ಕಳ ಹಲ್ಲಿಗೆ ಹಳೆಯದಾದ ಈ ಕ್ರಮವನ್ನು ಈಗ ದೊಡ್ಡವರಲ್ಲೂ ಒಪ್ಪಿಕೊಳ್ಳಲಾಗುತ್ತಿದೆ. 'ತಿರುಳಿನಲ್ಲಿ ಜೀವ ಇದೆಯಾ? ಐಸ್ ಇಟ್ಟು ನೋಡಿದಿರಾ? ಎಕ್ಸ್‌ರೇಯಲ್ಲಿ ಏನಿದೆ?' ಎಂದು ಮೂರು ಪ್ರಶ್ನೆ ಕೇಳಿದರೆ ಸಾಕು. ಪರೀಕ್ಷೆ ಮಾಡಿದವರು ಸಂತೋಷದಿಂದ ತೋರಿಸುತ್ತಾರೆ. ಆದರೆ ಜೀವ ಉಳಿಸುವ ಈ ದಾರಿ ತೆರೆದಿರುವುದು ತಿರುಳಿನಲ್ಲಿ ಜೀವ ಇರುವವರೆಗೆ ಮಾತ್ರ, ಎಂದರೆ ಬಹುಪಾಲು ನೋವು ಇರುವಾಗ. ನೋವು ನಿಂತ ಮೇಲೆ ಬಂದವರಿಗೆ ಅದು ಮುಚ್ಚಿರುತ್ತದೆ.

ಕೊನೆಯದು ಹಣ. ಕೀಳಿಸಿದರೆ ಅಗ್ಗ, ಒಂದೇ ದಿನ. ಕಿತ್ತ ಜಾಗದ ಲೆಕ್ಕ ಮಾತ್ರ ಅಂದೇ ಮುಗಿಯುವುದಿಲ್ಲ. ಪಕ್ಕದ ಹಲ್ಲು ಬಾಗುತ್ತದೆ, ಎದುರಿನದು ಇಳಿಯುತ್ತದೆ, ಸೇತುವೆ ಹಲ್ಲು ಕಟ್ಟಿಸಲು ಎರಡು ಗಟ್ಟಿ ಹಲ್ಲು ಸವೆಸಬೇಕಾಗುತ್ತದೆ, ಇಂಪ್ಲಾಂಟ್ ಆದರೆ ರೂಟ್ ಕೆನಾಲಿಗಿಂತ ದುಬಾರಿ. ಇದನ್ನೆಲ್ಲ ಕೂಡಿಸಿಯೂ ಕೈಯಲ್ಲಿ ಕಾಸಿಲ್ಲದವರು ಇದ್ದಾರೆ. ಅವರಿಗೆ ಕೊಳೆತ ಹಲ್ಲನ್ನು ಹಾಗೇ ಬಿಡುವುದಕ್ಕಿಂತ ಕೀಳಿಸುವುದೇ ಮೇಲು ಎಂದು ನೇರವಾಗಿ ಹೇಳಬೇಕು. ಕಡಿಮೆ ಖರ್ಚಿನ ಕಾಲೇಜು ಆಸ್ಪತ್ರೆಗಳು ನಮಗೆ ಒದಗುವುದು ಇಲ್ಲಿಯೇ. ಕಲಿಯುವ ಹುಡುಗರು ಮಾಡುತ್ತಾರೆ ಎಂದು ಹಿಂಜರಿಯುವವರಿಗೆ ಉತ್ತರ: ಹಂತಹಂತಕ್ಕೂ ಮೇಷ್ಟರು ಬಂದು ನೋಡಿ ಒಪ್ಪಿದ ಮೇಲೆ ಮುಂದಿನ ಹಂತ. ಹೊತ್ತು ಹೆಚ್ಚು ಹಿಡಿಯುತ್ತದೆ, ಓಡಾಟ ಹೆಚ್ಚು. ಕೂಲಿ ಬಿಟ್ಟು ಬರುವವರಿಗೆ ಅದೂ ಖರ್ಚೇ ಎಂಬುದನ್ನು ಅಲ್ಲಗಳೆಯುವುದಿಲ್ಲ. ಸರಕಾರದ ಕಡೆಗೂ ಒಂದು ಮಾತು. 2014ರಲ್ಲಿ ರಾಜ್ಯ ಸರಕಾರ ದಂತಭಾಗ್ಯ ಯೋಜನೆ ತಂದು ಬಡ ಕುಟುಂಬಗಳ 60 ದಾಟಿದವರಿಗೆ ಉಚಿತ ದಂತಪಂಕ್ತಿ ಕೊಡತೊಡಗಿತು, ದಂತ ಕಾಲೇಜುಗಳ ಮೂಲಕವೇ. ಒಳ್ಳೆಯ ಕೆಲಸ. ಎಲ್ಲ ಹಲ್ಲೂ ಹೋದ ಮೇಲೆ ಭಾಗ್ಯ ಸಿಗುವ ಬದಲು ಮೊದಲ ದವಡೆ ಹಲ್ಲು ಉಳಿಸುವ ವಯಸ್ಸಿನಲ್ಲಿ ಸಿಕ್ಕಿದ್ದರೆ ಆ ಪಂಕ್ತಿಯ ಬೇಡಿಕೆಯೇ ತಗ್ಗುತ್ತಿತ್ತು.

ತಪ್ಪದೆ ಹೇಳಬೇಕಾದ ಎರಡು ಎಚ್ಚರಿಕೆಗಳಿವೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು. ಸಕ್ಕರೆ ಕಾಯಿಲೆ, ಕೃತಕ ಹೃದಯ ಕವಾಟ, ಮೂಳೆ ಸವೆತಕ್ಕೆ ಕೊಡುವ ಇಂಜೆಕ್ಷನ್, ಬಸಿರು, ಇವನ್ನೂ ಕೇಳುವ ಮೊದಲೇ ಹೇಳಬೇಕು. ಮತ್ತೊಂದು: ನಾಲಿಗೆಯ ಕೆಳಗೆ ಊದಿ ನುಂಗಲು ಕಷ್ಟವಾದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರು ಕಟ್ಟಿದಂತಾದರೆ, ಚಳಿಜ್ವರದ ಜೊತೆ ಊತ ಕತ್ತಿಗೆ ಇಳಿಯುತ್ತಿದ್ದರೆ ಬೆಳಗಾಗುವವರೆಗೆ ಕಾಯಬಾರದು, ಕ್ಲಿನಿಕ್ಕಿಗೂ ಹೋಗಬಾರದು, ನೇರ ದೊಡ್ಡಾಸ್ಪತ್ರೆ. 1836ರಲ್ಲಿ ಜರ್ಮನಿಯ ಲುಡ್ವಿಗ್ ವಿವರಿಸಿದ ಈ ಸ್ಥಿತಿಯಲ್ಲಿ ಹೆಚ್ಚಿನ ಸಲ ಮೂಲ ಕೆಳಗಿನ ಒಂದು ದವಡೆ ಹಲ್ಲು, ಜೀವಕ್ಕೆ ಕುತ್ತು ಉಸಿರಿನ ದಾರಿ ಮುಚ್ಚುವುದರಿಂದ.

ಕ್ಯಾಪ್ ಕೂರಿಸಿದ ದಿನಕ್ಕೂ ಚಿಕಿತ್ಸೆ ಮುಗಿದಿರುವುದಿಲ್ಲ. ಬೇರಿನ ತುದಿಯಲ್ಲಿ ಕರಗಿದ್ದ ಮೂಳೆ ಎಕ್ಸ್‌ರೇಯಲ್ಲಿ ಉದ್ದಿನಕಾಳಿನಷ್ಟು ಕಪ್ಪು ನೆರಳಾಗಿ ಕಾಣುತ್ತದೆ. ಅದು ತುಂಬಿಕೊಳ್ಳಲು ತಿಂಗಳುಗಳು ಬೇಕು, ಕೆಲವರಲ್ಲಿ ವರ್ಷಗಳು. ಆದ್ದರಿಂದಲೇ ಒಂದು ವರ್ಷಕ್ಕೆ ಮತ್ತೊಂದು ಎಕ್ಸ್‌ರೇ, ನೆರಳು ಉಳಿದಿದ್ದರೆ ನಾಲ್ಕು ವರ್ಷದವರೆಗೂ ಆಗಾಗ ನೋಡುವುದು ಕ್ರಮ. ಹಳೆಯ ಫಿಲ್ಮಿನ ಪಕ್ಕದಲ್ಲಿ ಹೊಸದನ್ನು ಹಿಡಿದು ನೋಡಿದರೆ ಆ ಕಪ್ಪಿನ ಅಂಚಿನಿಂದ ಬೂದು ಬಣ್ಣದ ಸಣ್ಣ ಸಣ್ಣ ಎಳೆಗಳು ಒಳಕ್ಕೆ ಚಾಚಿಕೊಂಡಿರುತ್ತವೆ. ಆ ಒಂದು ವರ್ಷದುದ್ದಕ್ಕೂ ಹಲ್ಲಿನ ಯಜಮಾನನಿಗೆ ಏನೂ ಅನ್ನಿಸಿರುವುದಿಲ್ಲ. ಕೆಟ್ಟ ಹಲ್ಲಿನ ಯಜಮಾನನಿಗೂ ಹಾಗೆಯೇ. ಯಾರು ಯಾರೆಂದು ಹೇಳುವುದು ಆ ಎರಡು ಫಿಲ್ಮು. ಮೊದಲನೆಯದನ್ನು ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆದು, ಮನೆಯಲ್ಲಿಟ್ಟುಕೊಳ್ಳಿ.